ಎದೆ ಬಡಿಯುವ ಬೊಂಬೆ ನಾಯಿ: ಕೆಂಚನ ನಂತರ ಬಂದ ಚಿಕ್ಕಿಗೆ ಇದು ಎಷ್ಟು ಆಸರೆಯಾಯಿತು

ಎಂಟು ಹತ್ತು ವಾರದ ನಾಯಿಮರಿ ತರುವ ಯೋಚನೆ ಇದ್ದರೆ ಈ ಬೊಂಬೆ ಖಂಡಿತ ತಗೊಳ್ಳಿ. ಆದರೆ ಮರಿ ಬರುವ ಮೊದಲೇ ತಗೊಳ್ಳಿ. ಮರಿ ಬಂದ ರಾತ್ರಿ ಅದರ ಅಳು ಕೇಳಲಾಗದೆ ಓಡಿಹೋಗಿ ತಂದರೆ ಇದರ ಅರ್ಧ ಗುಣ ಕೈಗೆ ಸಿಗುವುದಿಲ್ಲ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಇದು ಮೆತ್ತನೆ ಬಟ್ಟೆಯ ನಾಯಿ. ಕಾಲು ಚಾಚಿ ಮಲಗಿರುವ ಹಾಗೆ ಹೊಲಿದಿದ್ದಾರೆ. ಹೊಟ್ಟೆಯಲ್ಲಿ ಒಂದು ಸೀಳು, ಅದನ್ನು ಮುಚ್ಚಲು ವೆಲ್ಕ್ರೋ ಪಟ್ಟಿ. ಒಳಗೆ ಅಂಗೈಯಲ್ಲಿ ಹಿಡಿಸುವಷ್ಟು ದೊಡ್ಡ ಪ್ಲಾಸ್ಟಿಕ್ ಹೃದಯ. ಎರಡು ಸಣ್ಣ ಸೆಲ್ ಹಾಕಿ ಗುಂಡಿ ಒತ್ತಿದರೆ ಲಬ್-ಡಬ್, ಲಬ್-ಡಬ್ ಅಂತ ಬಡಿಯುತ್ತದೆ. ಅದರ ಪಕ್ಕದಲ್ಲೇ ಬಿಸಿ ಪೊಟ್ಟಣ ಇಡಲು ಇನ್ನೊಂದು ಜೇಬು. ತಾಯಿಯ ಹೊಟ್ಟೆಗೆ ಒತ್ತಿಕೊಂಡು ಮಲಗಿದಾಗ ಮರಿಗೆ ಸಿಗುವ ಬಿಸಿ, ಬಡಿತ, ಮೆತ್ತನೆ ಮೈ, ಇಷ್ಟನ್ನು ಸ್ವಲ್ಪ ಮಟ್ಟಿಗಾದರೂ ಕೊಡುವುದು ಇದರ ಕೆಲಸ. ಬೇರೆ ಬೇರೆ ಕಂಪನಿಗಳು ಇದೇ ಥರದ್ದು ಮಾಡುತ್ತವೆ. ನನಗೆ ಇದನ್ನು ತಂದುಕೊಟ್ಟದ್ದು ಅಕ್ಕ.

ಅಕ್ಕ ಅದನ್ನು ಆನ್ ಮಾಡಿ ನನ್ನ ಕೈಗಿಟ್ಟಾಗ ನಾನು ತಕ್ಷಣ ಆಫ್ ಮಾಡಿಬಿಟ್ಟೆ. ಅದಕ್ಕೆ ಕಾರಣ ಕೆಂಚ.

ಕೆಂಚ ನಮ್ಮ ಹಳೆಯ ನಾಯಿ. ಸಣ್ಣ ಆಳು, ದೊಡ್ಡ ಗಂಟಲು. ಮನೆಗೆ ಯಾರೇ ಬರಲಿ, ಅವರು ಕೂತು ನೀರು ಕುಡಿದು ಮುಗಿಸುವ ತನಕ ವಿಚಾರಣೆ ನಿಲ್ಲಿಸುತ್ತಿರಲಿಲ್ಲ. ವಯಸ್ಸಾದ ಮೇಲೆ ಅವನಿಗೆ ಹೃದಯದ ಮೈಟ್ರಲ್ ಕವಾಟ ಸೋರುವ ಕಾಯಿಲೆ ಬಂತು. ಸಣ್ಣ ತಳಿಯ ನಾಯಿಗಳಿಗೆ ಮುಪ್ಪಿನಲ್ಲಿ ಬರುವ ಹೃದಯದ ಕಾಯಿಲೆಗಳಲ್ಲಿ ಇದೇ ಜಾಸ್ತಿ. ಕವಾಟ ಸರಿಯಾಗಿ ಮುಚ್ಚದೆ ರಕ್ತ ಹಿಂದಕ್ಕೆ ಸೋರುತ್ತದೆ, ಹೃದಯ ಹಿಗ್ಗುತ್ತದೆ, ಕೊನೆಕೊನೆಗೆ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳುತ್ತದೆ. ಡಾಕ್ಟರು ಒಮ್ಮೆ ಸ್ಟೆತಸ್ಕೋಪನ್ನು ನನ್ನ ಕಿವಿಗೇ ಹಾಕಿ ಕೇಳಿಸಿದರು. ಲಬ್ ಆಗಿ ಡಬ್ ಬರುವುದರೊಳಗೆ ನಡುವೆ ಒಂದು ‘ಶ್‌ಶ್’. ಸೋರುವ ಸದ್ದು ಅದು.

ಅಲ್ಲಿಂದ ಮುಂದೆ ಹೃದಯಕ್ಕೆ ಬಲ ಕೊಡಲು ಪಿಮೊಬೆಂಡಾನ್ ಮಾತ್ರೆ, ನೀರಿಳಿಸಲು ಫ್ಯೂರೋಸೆಮೈಡ್ ಮಾತ್ರೆ, ಮತ್ತೆ ರಾತ್ರಿ ಉಸಿರು ಎಣಿಸುವುದು. ನಾಯಿ ಗಾಢವಾಗಿ ಮಲಗಿದಾಗ ಎದೆ ಒಮ್ಮೆ ಏರಿ ಇಳಿದರೆ ಅದು ಒಂದು ಉಸಿರು. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಬೇಕು. ನಿಮಿಷಕ್ಕೆ 30ರೊಳಗೆ ಇದ್ದರೆ ನೆಮ್ಮದಿ. ಅದಕ್ಕಿಂತ ಮೇಲಕ್ಕೆ ಹೋಗಿ ಹಾಗೇ ನಿಂತರೆ ಡಾಕ್ಟರಿಗೆ ಫೋನ್. ಮನೆಯವರೆಲ್ಲ ಮಲಗಿದ ಮೇಲೆ ಕತ್ತಲಲ್ಲಿ ಅವನ ಪಕ್ಕೆಯ ಮೇಲೆ ಕೈಯಿಟ್ಟು ಎಣಿಸುತ್ತಿದ್ದೆ. ಅವನು ಹೋದ ಮೇಲೂ ಆ ಹೊತ್ತಿಗೆ ಸರಿಯಾಗಿ ಎಚ್ಚರ ಆಗುತ್ತಿತ್ತು. ಎಣಿಸಲು ಏನೂ ಇರುತ್ತಿರಲಿಲ್ಲ.

ಅಂಥವಳ ಕೈಯಲ್ಲಿ ಎಲ್ಲೂ ತಪ್ಪದ, ಎಲ್ಲೂ ‘ಶ್‌ಶ್’ ಅನ್ನದ ಬಡಿತ ಇಟ್ಟರೆ ಹೇಗಾಗಬೇಡ? ಅಕ್ಕನಿಗೆ ಅರ್ಥವಾಯಿತು. ‘ಇದು ನಿನಗಲ್ಲ ಕಣೇ, ಮರಿಗೆ’ ಅಂದಳು. ಅಷ್ಟೇ ಹೇಳಿದ್ದು. ಅದು ಸಾಕಾಯಿತು.

ಇದನ್ನೆಲ್ಲ ಯಾಕೆ ಬರೆದೆ ಅಂದರೆ, ಈ ಬೊಂಬೆ ತಗೊಳ್ಳುವವರಲ್ಲಿ ನನ್ನ ಹಾಗೆ ನಾಯಿ ಕಳೆದುಕೊಂಡು ಮರಿ ತರುವವರೂ ಇರುತ್ತಾರೆ. ಅಂಥವರಿಗೆ ಪೊಟ್ಟಣದ ಮೇಲೆ ಯಾವ ಸೂಚನೆಯೂ ಇರುವುದಿಲ್ಲ. ರಾತ್ರಿ ನಿಮ್ಮ ತಲೆಯ ಹತ್ತಿರ ಒಂದು ಎದೆ ಬಡಿಯುತ್ತಿರುತ್ತದೆ. ಮೊದಲ ಸಲ ಕೇಳಿದಾಗ ಗಂಟಲು ಕಟ್ಟಬಹುದು. ಮರಿ ಬರುವ ಮೊದಲೇ, ಹಗಲಲ್ಲಿ, ಯಾರಾದರೂ ಜೊತೆಗಿದ್ದಾಗ ಒಂದೆರಡು ಸಲ ಆನ್ ಮಾಡಿ ಕೇಳಿಸಿಕೊಳ್ಳಿ. ಮರಿ ಬಂದ ರಾತ್ರಿ ನಿಮ್ಮ ಗಮನವೆಲ್ಲ ಅದರ ಮೇಲಿರಬೇಕು.

ಅಮ್ಮನಿಗೆ ಇನ್ನೊಂದು ನಾಯಿ ಬೇಡವೇ ಬೇಡ ಅಂತಿತ್ತು. ‘ಮತ್ತೆ ಸಾಕೋದು, ಮತ್ತೆ ಅಳೋದು’ ಅಂದಳು. ಅವಳ ಮಾತಿನಲ್ಲಿ ಸುಳ್ಳೇನಿರಲಿಲ್ಲ. ಎಷ್ಟು ದಿನ ಬಿಟ್ಟು ತರಬೇಕು ಅಂತ ಜನ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ನನ್ನ ಮಟ್ಟಿಗೆ ಲೆಕ್ಕ ಇಷ್ಟೇ: ಮರಿ ಅಂದರೆ ರಾತ್ರಿ ನಿದ್ದೆ ಕೆಡುತ್ತದೆ, ನೆಲ ಒರೆಸಿ ಸಾಕಾಗುತ್ತದೆ, ಚಪ್ಪಲಿ ಹೋಗುತ್ತದೆ. ಅಷ್ಟನ್ನೂ ಹಳೆ ನಾಯಿಯ ಜೊತೆ ಹೋಲಿಸದೆ ಮಾಡಲು ಮೈಯಲ್ಲಿ ಕಸುವು ಬಂದಾಗ ತರಬೇಕು. ಹೋಲಿಕೆ ಪೂರ್ತಿ ನಿಲ್ಲುವುದಿಲ್ಲ, ಅದು ನನಗೂ ಗೊತ್ತು. ಆದರೆ ಕೆಂಚ ಹತ್ತಾರು ವರ್ಷ ನಮ್ಮ ಜೊತೆ ಇದ್ದು ಕಲಿತದ್ದನ್ನು ಎಂಟು ವಾರದ ಕೂಸಿನಿಂದ ನಿರೀಕ್ಷೆ ಮಾಡುವುದು ಅದಕ್ಕೆ ಮಾಡುವ ಅನ್ಯಾಯ.

ಈಗ ಬೊಂಬೆಯನ್ನು ಮೊದಲೇ ತರಬೇಕು ಅಂದದ್ದು ಯಾಕೆ ಅಂತ ಹೇಳುತ್ತೇನೆ. ವಾಸನೆ. ನಾಯಿಮರಿ ಹುಟ್ಟುವಾಗ ಕಣ್ಣು ಮುಚ್ಚಿರುತ್ತದೆ, ಕಿವಿಯೂ ಕೇಳಿಸುವುದಿಲ್ಲ. ಕಣ್ಣು ಬಿಡುವುದು ಸುಮಾರು ಎರಡು ವಾರಕ್ಕೆ. ಅಲ್ಲಿಯ ತನಕ ಅದಕ್ಕೆ ಗೊತ್ತಿರುವ ಲೋಕವೆಲ್ಲ ಮೂಗು ಮತ್ತು ಮೈಯದ್ದು. ತಾಯಿ ಅಂದರೆ ಮೊದಲು ಒಂದು ವಾಸನೆ, ಒಂದು ಬಿಸಿ. ಹಾಗಾಗಿ ನಾವು ಮರಿ ನೋಡಲು ಹೋದಾಗ ಹೃದಯ ತೆಗೆದಿಟ್ಟು ಬರೀ ಬೊಂಬೆಯನ್ನು ಮರಿ ಕೊಡುವವರ ಮನೆಯಲ್ಲೇ ಬಿಟ್ಟು ಬಂದೆವು. ಚಿಕ್ಕಿ, ಅವಳ ಅಣ್ಣತಮ್ಮಂದಿರು, ತಾಯಿ ಎಲ್ಲ ಅದರ ಮೇಲೆ ಮಲಗಿ ಹೊರಳಾಡಿದರು. ಮರಿ ತರುವ ದಿನ ಬೊಂಬೆಯನ್ನೂ ಜೊತೆಗೇ ತಂದೆವು. ಒಂದು ಕಿವಿ ಹಾಲು ಅಂಟಿ ಗಟ್ಟಿಯಾಗಿತ್ತು. ಅಮ್ಮ ಒಗೆಯಲು ಬಕೆಟ್ ತಂದಳು, ನಾನು ಕಿತ್ತುಕೊಂಡೆ. ಮೊದಲ ಒಂದೆರಡು ವಾರ ದಯವಿಟ್ಟು ಒಗೆಯಬೇಡಿ. ನಿಮ್ಮ ಮೂಗಿಗೆ ಅದು ಕೊಳೆ, ಮರಿಗೆ ಅದೇ ಮನೆ.

ಮೊದಲ ರಾತ್ರಿ. ಚಿಕ್ಕಿ ಮಲಗುವ ಪೆಟ್ಟಿಗೆಯನ್ನು ನನ್ನ ಹಾಸಿಗೆಯ ಪಕ್ಕಕ್ಕೇ ಇಟ್ಟುಕೊಂಡಿದ್ದೆ. ದೀಪ ಆರಿಸಿದ ಸ್ವಲ್ಪ ಹೊತ್ತಿಗೆ ಶುರುವಾಯಿತು. ಬೊಗಳುವುದಲ್ಲ, ದಾರದಷ್ಟು ತೆಳ್ಳಗಿನ ಒಂದು ಸ್ವರ, ಮೇಲೆ ಮೇಲೆ ಏರುತ್ತಾ ಹೋಗಿ ಒಡೆಯುತ್ತಿತ್ತು. ಹೃದಯ ಆನ್ ಮಾಡಿ ಒಳಗಿಟ್ಟೆ. ಅವಳು ಮೊದಲು ಹಿಂದಕ್ಕೆ ಸರಿದಳು. ಆಮೇಲೆ ಮೂತಿ ಮುಂದೆ ಮಾಡಿ ಮೂಸಿದಳು. ಬೊಂಬೆಯ ಮುಂಗಾಲಿನ ಕೆಳಗೆ ಮೂಗು ತೂರಿಸಿ, ಅಲ್ಲಿಂದ ಹೊಟ್ಟೆಯ ಉದ್ದಕ್ಕೂ ಹುಡುಕುತ್ತಾ ಹೋದಳು. ಮೊಲೆ ಹುಡುಕುತ್ತಿದ್ದಳು ಅನ್ನಿಸುತ್ತದೆ. ಸಿಗಲಿಲ್ಲ. ಬಡಿಯುವ ಜಾಗ ಸಿಕ್ಕಿತು. ಅಲ್ಲಿ ಗಲ್ಲ ಊರಿದಳು. ಎರಡೂ ಮುಂಗೈ ಬಟ್ಟೆಯನ್ನು ಒತ್ತುತ್ತಾ ಬಿಡುತ್ತಾ, ಒತ್ತುತ್ತಾ ಬಿಡುತ್ತಾ ಇದ್ದವು. ಅಳು ನಡುವಿನಲ್ಲೇ ನಿಂತು, ಒಂದು ದೊಡ್ಡ ಉಸಿರು ಬಂತು. ನಿದ್ದೆ ಹೋದಳು.

ರಾತ್ರಿಯಿಡೀ ಅಲ್ಲ. ಇದನ್ನು ಬಿಡಿಸಿ ಹೇಳಬೇಕು. ಎರಡು ತಿಂಗಳ ಮರಿ ಒಂದೇ ಸಮ ಉಚ್ಚೆ ತಡೆದುಕೊಳ್ಳುವುದು ಅಬ್ಬಬ್ಬಾ ಅಂದರೆ ಮೂರು ಗಂಟೆ. ತಿಂಗಳ ಲೆಕ್ಕಕ್ಕೆ ಒಂದು ಕೂಡಿಸಿದರೆ ಹೆಚ್ಚೆಂದರೆ ಅಷ್ಟು ಗಂಟೆ ಅಂತ ನಾಯಿ ಸಾಕುವವರು ಹೇಳುವುದಿದೆ. ಬೊಂಬೆ ಎಷ್ಟೇ ಚೆನ್ನಾಗಿ ಬಡಿದರೂ ಉಚ್ಚೆಗೆ ಎದ್ದ ಮರಿಯನ್ನು ಮಲಗಿಸಲಾರದು. ಒಂಟಿತನದ ಅಳು ಉದ್ದಕ್ಕೆ ಎಳೆಯುತ್ತದೆ. ಉಚ್ಚೆಯ ಅಳು ಬಿಟ್ಟು ಬಿಟ್ಟು ಬರುತ್ತದೆ, ಜೊತೆಗೆ ಪೆಟ್ಟಿಗೆಯೊಳಗೆ ಚಡಪಡಿಸುವುದು, ನೆಲ ಮೂಸುವುದು. ಕನಿಷ್ಠ ಚಿಕ್ಕಿಯದು ಹಾಗಿತ್ತು. ಎದ್ದು ಹೊರಗೆ ಕರೆದುಕೊಂಡು ಹೋಗಲೇಬೇಕು. ಆಟ ಇಲ್ಲ, ಮಾತಿಲ್ಲ, ಕೆಲಸ ಮುಗಿಸಿ ವಾಪಸ್ ಪೆಟ್ಟಿಗೆಗೆ, ಬೊಂಬೆಯ ಪಕ್ಕಕ್ಕೆ.

‘ಅಳಲಿ ಬಿಡಿ, ತಾನೇ ಅಭ್ಯಾಸ ಆಗುತ್ತೆ’ ಅನ್ನುವವರು ಸಿಗುತ್ತಾರೆ. ಬೊಂಬೆ ಕೊಟ್ಟು ಬಾಗಿಲು ಹಾಕಿಕೊಂಡು ಹೋಗಬಹುದು ಅಂತ ಇನ್ನು ಕೆಲವರು ತಿಳಿದಿರುತ್ತಾರೆ. ನಾನು ಎರಡನ್ನೂ ಒಪ್ಪುವುದಿಲ್ಲ. ಹ್ಯಾರಿ ಹಾರ್ಲೋ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞ 1950ರ ದಶಕದಲ್ಲಿ ಕೋತಿಮರಿಗಳನ್ನು ತಾಯಿಯಿಂದ ಬೇರೆ ಮಾಡಿ, ತಂತಿಯ ಒಂದು ಬೊಂಬೆ, ಬಟ್ಟೆ ಸುತ್ತಿದ ಒಂದು ಬೊಂಬೆ ಇಟ್ಟು ನೋಡಿದ. ಹಾಲು ತಂತಿಯ ಬೊಂಬೆಯಿಂದ ಬಂದರೂ ಮರಿಗಳು ಅಪ್ಪಿಕೊಂಡು ಇರುತ್ತಿದ್ದದ್ದು ಬಟ್ಟೆಯದನ್ನು. ಇಷ್ಟು ಎಲ್ಲರೂ ಹೇಳುತ್ತಾರೆ. ಆದರೆ ಹಾಗೆ ಬೊಂಬೆಯ ಜೊತೆಗೇ ಬೆಳೆದ ಮರಿಗಳು ದೊಡ್ಡವಾದ ಮೇಲೆ ಬೇರೆ ಕೋತಿಗಳ ಜೊತೆ ಸರಿಯಾಗಿ ಬೆರೆಯಲಾರದೆ ಹೋದವು. ಅದೂ ಅವನೇ ಕಂಡದ್ದು. ಆ ಪ್ರಯೋಗ ಓದಿದರೆ ಈಗಲೂ ನನಗೆ ಸಂಕಟ ಆಗುತ್ತದೆ. ಮೆತ್ತನೆಯ ಬೊಂಬೆ ಬೇಕು, ಅದರ ಜೊತೆ ಜೀವ ಇರುವವರೂ ಬೇಕು. ಹಾಗಾಗಿ ಪೆಟ್ಟಿಗೆ ನನ್ನ ಕೈಗೆಟಕುವ ಹಾಗೆ ಇತ್ತು. ಎಷ್ಟೋ ಸಲ ಬೊಂಬೆಯ ಬಡಿತ ಸಾಕಾಗದೆ ನನ್ನ ಒಂದು ಬೆರಳು ಬೇಕಾಗುತ್ತಿತ್ತು.

ಹೃದಯದ ಕಾಯಿಲೆಯ ನಾಯಿ ಸಾಕಿದವರಿಗೆ ಒಂದು ಮಾತು. ಮರಿ ಮಲಗಿದಾಗ ನಿಮ್ಮ ಕಣ್ಣು ತಾನಾಗಿ ಅದರ ಎದೆಯ ಮೇಲೆ ಹೋಗುತ್ತದೆ, ಮನಸ್ಸು ಎಣಿಸಲು ಶುರು ಮಾಡುತ್ತದೆ. ನನಗೂ ಹಾಗೇ ಆಯಿತು. ಚಿಕ್ಕಿಯ ಉಸಿರು ಒಮ್ಮೆ ಸರಸರ ಓಡುತ್ತಿತ್ತು, ಒಮ್ಮೆ ನಿಂತೇ ಹೋದ ಹಾಗೆ ಇರುತ್ತಿತ್ತು. ಕಾಲು ಅದುರುತ್ತಿತ್ತು, ತುಟಿ ಕುಣಿಯುತ್ತಿತ್ತು. ಬೆಳಗ್ಗೆ ಡಾಕ್ಟರನ್ನು ಕೇಳಿದೆ. ಮರಿಗಳ ಉಸಿರೂ ಎದೆಬಡಿತವೂ ದೊಡ್ಡ ನಾಯಿಗಿಂತ ಜೋರು, ಕನಸು ಕಾಣುವ ನಿದ್ದೆಯಲ್ಲಿ ಇನ್ನೂ ಏರುಪೇರು, ವಸಡು ಗುಲಾಬಿ ಬಣ್ಣ ಇದ್ದು ಎದ್ದಾಗ ಚುರುಕಾಗಿ ಹಾಲು ಕುಡಿದು ಆಡುತ್ತಿದ್ದರೆ ಹೆದರಬೇಡಿ ಅಂದರು. ಎದೆಗೆ ಸ್ಟೆತಸ್ಕೋಪ್ ಇಟ್ಟು ನನಗೂ ಕೇಳಿಸಿದರು. ನಡುವೆ ಏನೂ ಸದ್ದಿರಲಿಲ್ಲ. ಅವರಿಗೆ ಕೆಂಚ ಗೊತ್ತಿತ್ತಲ್ಲ, ಕೇಳದೆಯೇ ಕೇಳಿಸಿದರು.

ಇನ್ನು ತಕರಾರುಗಳು. ದೊಡ್ಡದು ಸೆಲ್ಲಿನದು. ಸೆಲ್ ಮುಗಿಯುವಾಗ ಹೃದಯ ಥಟ್ಟನೆ ನಿಲ್ಲುವುದಿಲ್ಲ, ನಿಧಾನವಾಗುತ್ತದೆ. ಲಬ್... ಡಬ್. ಆಮೇಲೆ ಇನ್ನೂ ದೂರ. ಒಂದು ರಾತ್ರಿ ಆ ಸದ್ದಿಗೆ ಎಚ್ಚರವಾಗಿ ನಾನು ಎದ್ದು ಕೂತೆ. ಕೈ ನಡುಗುತ್ತಿತ್ತು, ಸ್ಕ್ರೂ ತಿರುಗಿಸಲು ಆಗಲಿಲ್ಲ. ಅಮ್ಮ ಎದ್ದು ಬಂದು ಏನೂ ಮಾತಾಡದೆ ನನ್ನ ಕೈಯಿಂದ ಇಸಿದುಕೊಂಡು ಸೆಲ್ ಬದಲಿಸಿ ಕೊಟ್ಟಳು. ಚಿಕ್ಕಿಗೆ ಎಚ್ಚರ ಕೂಡ ಆಗಿರಲಿಲ್ಲ. ಇದನ್ನು ಮಾಡುವವರು ಯಾರಾದರೂ ಓದುತ್ತಿದ್ದರೆ ನನ್ನದೊಂದು ಬೇಡಿಕೆ: ಸೆಲ್ ಇಳಿದಾಗ ಬಡಿತ ಎಳೆದಾಡದೆ ಒಮ್ಮೆಗೇ ನಿಲ್ಲುವ ಹಾಗೆ ಮಾಡಿ. ನನ್ನಂಥವರು ಬಹಳ ಜನ ಇದ್ದಾರೆ. ಅಲ್ಲಿಯ ತನಕ, ತಗೊಳ್ಳುವವರು ಸೆಲ್ ಪೂರ್ತಿ ಸಾಯುವ ಮೊದಲೇ ಹೊಸದು ಹಾಕುವುದು ಒಳ್ಳೆಯದು.

ವೆಲ್ಕ್ರೋ ಕೂಡ ಅಷ್ಟಕ್ಕಷ್ಟೇ. ಒಂದೆರಡು ಸಲ ಒಗೆದ ಮೇಲೆ ಕೂದಲು ಸಿಕ್ಕಿಕೊಂಡು ಹಿಡಿತ ಬಿಟ್ಟಿತು. ನಾನು ಮೂರು ಹೊಲಿಗೆ ಹಾಕಿಬಿಟ್ಟೆ. ಹಳೆ ಹಲ್ಲುಜ್ಜುವ ಬ್ರಷ್‌ನಿಂದ ಆ ಕೂದಲು ತೆಗೆದರೆ ಸ್ವಲ್ಪ ದಿನ ಹೆಚ್ಚು ಬಾಳುತ್ತದೆ.

ಬಿಸಿ ಪೊಟ್ಟಣದ ವಿಷಯದಲ್ಲಿ ಮಾತ್ರ ಹುಷಾರು. ಗಾಳಿ ತಗುಲಿದರೆ ತಾನೇ ಬಿಸಿಯಾಗುವ ಪೊಟ್ಟಣ ಇದರ ಜೊತೆ ಬರುತ್ತದೆ. ಅದರೊಳಗೆ ಇರುವುದು ಕಬ್ಬಿಣದ ಪುಡಿ. ಗಾಳಿಯಲ್ಲಿರುವ ಆಮ್ಲಜನಕದ ಜೊತೆ ಅದು ಸೇರಿ ತುಕ್ಕು ಹಿಡಿಯುವಾಗ ಬರುವುದೇ ಆ ಬಿಸಿ. ಮರಿ ಅದನ್ನು ಹರಿದು ನುಂಗಿದರೆ ಕಬ್ಬಿಣದ ವಿಷ ಏರಬಹುದು. ನಾನು ಅದನ್ನು ಬಳಸಲೇ ಇಲ್ಲ. ಬೆಚ್ಚನೆ ನೀರು ತುಂಬಿದ ರಬ್ಬರ್ ಚೀಲವನ್ನು ದಪ್ಪ ಟವೆಲಿನಲ್ಲಿ ಸುತ್ತಿ ಪೆಟ್ಟಿಗೆಯ ಒಂದು ಮೂಲೆಗೆ ಇಡುತ್ತಿದ್ದೆ. ಒಂದೇ ಮೂಲೆಗೆ. ಸೆಕೆಯಾದರೆ ಮರಿ ಸರಿದು ಹೋಗಲು ತಣ್ಣನೆ ಜಾಗ ಇರಬೇಕು.

ಹಳೆ ನಾಯಿಯ ಸಾಮಾನು ಹೊಸ ಮರಿಗೆ ಕೊಡಬಹುದಾ ಅಂತ ನನ್ನನ್ನು ಕೇಳಿದವರಿದ್ದಾರೆ. ಬೊಂಬೆಯ ಕೆಳಗೆ ಹಾಸಿದ್ದು ಕೆಂಚನ ಕಂಬಳಿಯನ್ನೇ. ಅವನು ಹೋದದ್ದು ಹೃದಯದ ಕಾಯಿಲೆಯಿಂದ, ಅದು ಅಂಟುವುದಲ್ಲ. ಡಾಕ್ಟರನ್ನು ಕೇಳಿಯೇ ಹಾಸಿದೆ. ಆದರೆ ನಿಮ್ಮ ನಾಯಿ ಪಾರ್ವೊ ಅನ್ನುವ ವಾಂತಿಭೇದಿಯ ಅಂಟುರೋಗ ಬಂದು ತೀರಿಹೋಗಿದ್ದರೆ ಕತೆ ಬೇರೆ. ಆ ವೈರಸ್ ನೆಲದಲ್ಲಿ, ಮಣ್ಣಿನಲ್ಲಿ ತಿಂಗಳುಗಟ್ಟಲೆ, ಕೆಲವು ಕಡೆ ವರ್ಷದ ತನಕವೂ ಬದುಕಿರುತ್ತದೆ. ಬರೀ ಸೋಪಿಗೆ ಅದು ಸಾಯುವುದಿಲ್ಲ. ನೆಲವನ್ನು ಚೆನ್ನಾಗಿ ತೊಳೆದು ಆಮೇಲೆ ಬ್ಲೀಚ್ ಬೆರೆಸಿದ ನೀರು ಹಾಕಿ ಸ್ವಲ್ಪ ಹೊತ್ತು ಬಿಡಬೇಕು. ಹಾಸಿಗೆ, ಬೊಂಬೆ, ಬಟ್ಟೆಯದ್ದೇನಿದ್ದರೂ ಮರಿಗೆ ಕೊಡಬೇಡಿ. ನೆನಪಿಗೆ ಇಟ್ಟುಕೊಳ್ಳಬೇಕು ಅನ್ನಿಸಿದ್ದನ್ನು ಚೀಲದಲ್ಲಿ ಕಟ್ಟಿ ಮರಿಯ ಕೈಗೆ ಸಿಗದ ಕಡೆ ಎತ್ತಿಡಿ. ಹೊಸ ಮರಿಯನ್ನು ಯಾವಾಗ ತರಬಹುದು ಅಂತ ಡಾಕ್ಟರನ್ನು ಕೇಳಿಯೇ ತನ್ನಿ. ಮರಿಯ ಲಸಿಕೆ ಆರರಿಂದ ಎಂಟು ವಾರಕ್ಕೆ ಶುರುವಾಗಿ, ಎರಡರಿಂದ ನಾಲ್ಕು ವಾರಕ್ಕೊಮ್ಮೆ, 16 ವಾರ ಆಗುವ ತನಕ ನಡೆಯುತ್ತದೆ. ಒಂದು ಇಂಜೆಕ್ಷನ್ ಆಯಿತು, ಇನ್ನು ಪರವಾಗಿಲ್ಲ ಅಂದುಕೊಳ್ಳಬೇಡಿ.

ಕಂಬಳಿಯ ಮೇಲೆ ಕೆಂಚನ ಕೂದಲು ಇನ್ನೂ ಇತ್ತು. ಚಿಕ್ಕಿ ಅದನ್ನು ಬಹಳ ಹೊತ್ತು ಮೂಸಿದಳು. ಅವಳಿಗೆ ಏನು ಗೊತ್ತಾಯಿತೋ. ನನಗಂತೂ ಅವಳು ಅವನನ್ನು ತಿಳಿದುಕೊಂಡಳು ಅಂತ ಸಂತೋಷವಾಯಿತು.

ಬೊಂಬೆಯ ಕಾಲ ಬಹಳ ಇಲ್ಲ. ಮೂರೂವರೆ ನಾಲ್ಕು ತಿಂಗಳಿಗೆ ಮರಿಯ 28 ಹಾಲುಹಲ್ಲು ಬೀಳಲು ಶುರುವಾಗಿ, ಆರೇಳು ತಿಂಗಳಿಗೆ 42 ಗಟ್ಟಿ ಹಲ್ಲು ಬಂದುಬಿಡುತ್ತವೆ. ಆ ನಡುವೆ ಕಂಡದ್ದೆಲ್ಲ ಕಚ್ಚುತ್ತದೆ. ಬೊಂಬೆಯ ಹೊಟ್ಟೆ ಹರಿಯಲು ನೋಡಿದ ದಿನವೇ ಹೃದಯ ಹೊರಗೆ ತೆಗೆಯಿರಿ. ಸೆಲ್ ಕಚ್ಚಿ ಒಡೆದರೆ ಬಾಯಿ, ಗಂಟಲು ಸುಡುತ್ತದೆ. ಹತ್ತಿ ನುಂಗಿದರೆ ಕರುಳಿಗೆ ಸಿಕ್ಕಿಕೊಳ್ಳುತ್ತದೆ. ಚಿಕ್ಕಿಗೆ ಅಷ್ಟರಲ್ಲಿ ಬಡಿತ ಬೇಕಾಗಿಯೂ ಇರಲಿಲ್ಲ. ಈಗ ಹೃದಯ ಇಲ್ಲದ ಬೊಂಬೆಯನ್ನು ಒಂದು ಕಾಲು ಹಿಡಿದು ಮನೆಯೆಲ್ಲ ಎಳೆದುಕೊಂಡು ಓಡಾಡುತ್ತಾಳೆ. ಅಮ್ಮ ಅದಕ್ಕೆ ಎರಡು ಸಲ ಹೊಲಿಗೆ ಹಾಕಿದ್ದಾಳೆ. ನಾಯಿ ಬೇಡ ಅಂದ ಅಮ್ಮನೇ.

ತಗೊಳ್ಳುವಾಗ ನೋಡಬೇಕಾದ್ದು: ಕಣ್ಣು ಮೂಗು ದಾರದಲ್ಲಿ ಹೊಲಿದದ್ದಿರಲಿ, ಪ್ಲಾಸ್ಟಿಕ್ ಗುಂಡಿಯದ್ದು ಬೇಡ, ಮರಿ ಕಿತ್ತು ನುಂಗುತ್ತದೆ. ಸೆಲ್ ಇಡುವ ಮುಚ್ಚಳಕ್ಕೆ ಸ್ಕ್ರೂ ಇರಲೇಬೇಕು. ಗುಂಡು ಬಟನ್ ಸೆಲ್ ಹಾಕುವಂಥದ್ದು ಬಿಟ್ಟುಬಿಡಿ, ನುಂಗಿದರೆ ಅದು ಇನ್ನೂ ಅಪಾಯ. ಅಂಗಡಿಯಲ್ಲೇ ಆನ್ ಮಾಡಿಸಿ ಕೈಯಲ್ಲಿ ಹಿಡಿದು ನೋಡಿ. ಅಕ್ಕನ ಸ್ನೇಹಿತೆಯ ಮನೆಯಲ್ಲಿದ್ದ ಅಗ್ಗದ ಒಂದನ್ನು ನೋಡಿದ್ದೆ. ಅದು ಎದೆಯ ಹಾಗೆ ಬಡಿಯುತ್ತಿರಲಿಲ್ಲ, ಫೋನ್ ವೈಬ್ರೇಟ್ ಆದ ಹಾಗೆ ಜುಂಯ್ ಅನ್ನುತ್ತಿತ್ತು. ಅವರ ಮರಿ ಅದರ ಹತ್ತಿರವೂ ಸುಳಿಯಲಿಲ್ಲ.

ಮರಿಯ ಬದಲು ದೊಡ್ಡ ನಾಯಿಯನ್ನು ದತ್ತು ತರುವವರಿಗೆ ಇದು ಬೇಡ. ಅಂಥ ನಾಯಿಗೆ ಬೊಂಬೆಯ ಬಡಿತಕ್ಕಿಂತ ದಿನವೂ ಅದೇ ಹೊತ್ತಿಗೆ ಊಟ, ಅದೇ ಹೊತ್ತಿಗೆ ವಾಕಿಂಗ್, ಅದೇ ಜಾಗದಲ್ಲಿ ಹಾಸಿಗೆ ಸಿಗುವುದು ಮುಖ್ಯ. ಬೊಂಬೆಯ ದುಡ್ಡನ್ನು ಆ ಹಾಸಿಗೆಗೆ ಹಾಕಿ, ಒಗೆಯಲು ಬರುವ ಕವರ್ ಇರುವುದನ್ನೇ ನೋಡಿ ತಗೊಳ್ಳಿ.